ಎಫ್‌ಎಲ್‌ಪಿ ಅಂತ ಬರ್ದಿದ್ರೆ ಸಾಕಾ? ಸ್ಫೋಟ ಆಗೋ ಜಾಗದ ಸಲಕರಣೆಗೆ ಸರ್ಟಿಫಿಕೇಟ್ ಕೊಡೋದು ಹೇಗೆ

ಬೆಳಗಾವಿ, ಬಾಗಲಕೋಟೆ ಕಡೆ ಈಗ ಸುಮಾರು ಸಕ್ಕರೆ ಫ್ಯಾಕ್ಟರಿಗಳ ಜೊತೆಗೇ ಎಥೆನಾಲ್ ಡಿಸ್ಟಿಲರಿ ಇದೆ. ಅಂಥ ಒಂದು ಡಿಸ್ಟಿಲರಿಯ ಸ್ಪಿರಿಟ್ ಪಂಪ್ ಹತ್ರ ನಿಂತು ಮೋಟರ್‌ನ ನೇಮ್‌ಪ್ಲೇಟ್ ಮೇಲಿನ ಧೂಳು ಒರೆಸಿ ನೋಡಿದ್ರೆ ಹೀಗೊಂದು ಸಾಲು ಕಾಣತ್ತೆ: ಎಕ್ಸ್ ಡಿಬಿ 2ಬಿ ಟಿ4 ಜಿಬಿ (Ex db IIB T4 Gb). ಪ್ಲೇಟ್ ಮೇಲೆ 2 ಅನ್ನೋದು ರೋಮನ್ ಅಂಕಿಯಲ್ಲಿರತ್ತೆ, ಬಾಯಲ್ಲಿ ಎಲ್ರೂ ಟೂ-ಬಿ ಅಂತಾರೆ. ಫಿಟ್ಟರ್‌ನ ಕೇಳಿದ್ರೆ "ಎಫ್‌ಎಲ್‌ಪಿ ಮೋಟರ್ ಸರ್" ಅಂತಾನೆ (ಎಫ್‌ಎಲ್‌ಪಿ ಅಂದ್ರೆ ಫ್ಲೇಮ್‌ಪ್ರೂಫ್, ಒಳಗಿನ ಬೆಂಕಿ ಹೊರಗೆ ದಾಟದ ಹಾಗೆ ಮಾಡಿದ್ದು), ಸ್ಟೋರ್‌ನವರು ಪರ್ಚೇಸ್ ಆರ್ಡರ್‌ನಲ್ಲೂ ಅಷ್ಟೇ ಬರೀತಾರೆ, ಎಷ್ಟೋ ಕಡೆ ಆಡಿಟ್‌ಗೆ ಬಂದವ್ರೂ ಅಷ್ಟಕ್ಕೇ ಟಿಕ್ ಹಾಕಿ ಮುಂದೆ ಹೋಗ್ತಾರೆ. ಆದ್ರೆ ಆ ಒಂದು ಸಾಲಿನ ಒಂದೊಂದು ಅಕ್ಷರಕ್ಕೂ ಯಾವ್ದೋ ಲ್ಯಾಬ್‌ನಲ್ಲಿ ಯಾರೋ ಆ ಪೆಟ್ಟಿಗೆಯೊಳಗೆ ಬೇಕಂತಲೇ ಸ್ಫೋಟ ಮಾಡ್ಸಿ ನೋಡಿರ್ತಾರೆ. ಅದೆಲ್ಲ ಏನು, ಯಾಕೆ, ಮತ್ತೆ ಆ ಸರ್ಟಿಫಿಕೇಟ್ ಯಾವಾಗ ಬೆಲೆ ಕಳ್ಕೊಳ್ಳತ್ತೆ ಅಂತ ಹೇಳ್ಬೇಕು ಅನ್ನಿಸ್ತು.

ಮೊದ್ಲು ಅಪಾಯ ಏನು ಅಂತ. ಗ್ಯಾಸ್ ಅಥವಾ ಆವಿ ಗಾಳಿಯಲ್ಲಿ ಒಂದು ಪ್ರಮಾಣದಲ್ಲಿ ಬೆರೆತಾಗ ಮಾತ್ರ ಹೊತ್ಕೊಳ್ಳತ್ತೆ, ತೀರಾ ಕಮ್ಮಿ ಇದ್ರೂ ಇಲ್ಲ, ತೀರಾ ಜಾಸ್ತಿ ಇದ್ರೂ ಇಲ್ಲ. ಮೀಥೇನ್‌ಗೆ ಈ ಮಿತಿ ಸುಮಾರು 5ರಿಂದ 15 ಪರ್ಸೆಂಟ್, ಎಥೆನಾಲ್ ಆವಿಗೆ ಸುಮಾರು 3.3ರಿಂದ 19, ಹೈಡ್ರೋಜನ್‌ಗಂತೂ 4ರಿಂದ 75ರವರೆಗೆ. ಆ ಮಿತಿ ಒಳಗೆ ಬಂತು ಅಂದ್ರೆ ಕಿಡಿ ಎಷ್ಟು ದೊಡ್ಡದಿರ್ಬೇಕು ಅಂತೀರಿ? ಮೀಥೇನ್‌ಗೆ 0.28 ಮಿಲಿಜೌಲ್, ಹೈಡ್ರೋಜನ್‌ಗೆ 0.02 ಮಿಲಿಜೌಲ್ ಆಸುಪಾಸು. ಒಂದು ಮಾಮೂಲಿ ಸ್ವಿಚ್ ಆಫ್ ಮಾಡಿದಾಗ ಒಳಗೆ ಬರೋ ಕಿಡಿ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಕಿಡಿನೇ ಬೇಕು ಅಂತಲೂ ಇಲ್ಲ, ಬಿಸಿ ಮೇಲ್ಮೈ ಸಾಕು. ಎಥೆನಾಲ್ ಹೊತ್ಕೊಳ್ಳೋಕೆ 360 ಡಿಗ್ರಿ ಸೆಲ್ಸಿಯಸ್ ಮೇಲೆ ಬೇಕು, ಆದ್ರೆ ವಿಸ್ಕೋಸ್ ನೂಲು ಮಾಡೋ ಕಡೆ ಬಳಸೋ ಕಾರ್ಬನ್ ಡೈಸಲ್ಫೈಡ್ ಬರೀ 90 ಡಿಗ್ರಿಗೇ ಹೊತ್ಕೊಳ್ಳತ್ತೆ, ಅಂದ್ರೆ ಒಂದು ಸ್ಟೀಮ್ ಪೈಪ್ ಸಾಕು.

ಇದನ್ನ ಜನ ಕಲ್ತಿದ್ದು ಗಣಿಗಳಲ್ಲಿ, ಅದೂ ಹೆಣಗಳನ್ನ ಎಣಿಸಿ. 1913ರ ಅಕ್ಟೋಬರ್‌ನಲ್ಲಿ ವೇಲ್ಸ್‌ನ ಸೆಂಗೆನಿತ್ ಕಲ್ಲಿದ್ದಲು ಗಣಿ ಸ್ಫೋಟಗೊಂಡು 439 ಗಣಿ ಕಾರ್ಮಿಕರು ಸತ್ರು. ಕಾರಣ ಹುಡುಕ್ತಾ ಹೋದಾಗ ಅನುಮಾನ ಹೋಗಿದ್ದು ಒಂದು ಸಣ್ಣ ವಸ್ತು ಮೇಲೆ: ಗಣಿಯೊಳಗೆ ಸಿಗ್ನಲ್ ಕೊಡೋಕೆ ಮೇಲೆ ಹೊದಿಕೆ ಇಲ್ಲದ ಎರಡು ತಂತಿ ಎಳೆದಿರ್ತಿದ್ರು, ಅವನ್ನ ಒಂದಕ್ಕೊಂದು ಮುಟ್ಟಿಸಿದ್ರೆ ಆ ಕಡೆ ಬೆಲ್ ಹೊಡೀತಿತ್ತು. ಬ್ಯಾಟರಿ ವೋಲ್ಟೇಜು, ಕೈಗೆ ಶಾಕ್ ಕೂಡ ಹೊಡೆಯಲ್ಲ, ಅದ್ರಿಂದ ಏನಾಗತ್ತೆ ಅಂದ್ಕೊಂಡಿದ್ರು. ಆದ್ರೆ ಬೆಲ್‌ನ ಕಾಯಿಲ್‌ನಲ್ಲಿ ತುಂಬಿರೋ ಶಕ್ತಿ ತಂತಿ ಬಿಟ್ಟ ಕ್ಷಣ ಕಿಡಿಯಾಗಿ ಬರತ್ತೆ. ಅದ್ರ ಮೇಲೆ ನಡೆದ ಸಂಶೋಧನೆಯಿಂದಲೇ ಇವತ್ತು ಇಂಟ್ರಿನ್ಸಿಕ್ ಸೇಫ್ಟಿ ಅಂತ ಕರಿಯೋ ವಿಧಾನ, ಅಂದ್ರೆ ಕಿಡಿ ಬಂದ್ರೂ ಹೊತ್ತಿಸೋವಷ್ಟು ಶಕ್ತಿ ಸರ್ಕ್ಯೂಟ್‌ನಲ್ಲೇ ಇರದ ಹಾಗೆ ಮಾಡೋದು, ಹುಟ್ಟಿದ್ದು. ಅದಕ್ಕೂ ಕೆಲವು ವರ್ಷ ಮುಂಚೆ ಜರ್ಮನಿಯ ಗೆಲ್ಸೆನ್‌ಕಿರ್ಶೆನ್‌ನಲ್ಲಿ ಕಾರ್ಲ್ ಬೈಲಿಂಗ್ ಅನ್ನೋರು ಮೋಟರ್ ಪೆಟ್ಟಿಗೆಗಳ ಒಳಗೆ ಗ್ಯಾಸ್ ತುಂಬಿ ಹೊತ್ತಿಸಿ, ಪೆಟ್ಟಿಗೆಯ ಜೋಡಣೆ ಸಂದಿ ಎಷ್ಟು ಅಗಲ ಇದ್ರೆ ಬೆಂಕಿ ಹೊರಗೆ ದಾಟತ್ತೆ ಅಂತ ಅಳೆದಿದ್ರು. ನಮ್ಮ ಎಫ್‌ಎಲ್‌ಪಿ ಅನ್ನೋದು ಅಲ್ಲಿಂದ ಬಂದಿದ್ದು. ನಮ್ಮ ದೇಶದಲ್ಲೂ ಈ ಪಾಠ ಅಗ್ಗಕ್ಕೆ ಸಿಗ್ಲಿಲ್ಲ, 1965ರಲ್ಲಿ ಧನ್‌ಬಾದ್ ಸೀಮೆಯ ಧೋರಿ ಗಣಿ ಸ್ಫೋಟದಲ್ಲಿ 268 ಜನ ಹೋದ್ರು. ಗಣಿ ಸುರಕ್ಷತೆಯ ನಿರ್ದೇಶನಾಲಯ ಡಿಜಿಎಂಎಸ್, ಪರೀಕ್ಷೆ ಮಾಡೋ ಸಿಂಫರ್ ಲ್ಯಾಬು, ಎರಡೂ ಇವತ್ತಿಗೂ ಇರೋದು ಧನ್‌ಬಾದ್‌ನಲ್ಲೇ.

ಈಗ ಆ ನೇಮ್‌ಪ್ಲೇಟ್‌ಗೆ ಬರೋಣ. ಎಕ್ಸ್ (Ex) ಅಂದ್ರೆ ಸ್ಫೋಟ ಆಗೋ ಜಾಗಕ್ಕೆ ಅಂತ ಮಾಡಿದ ಸಲಕರಣೆ, ಡಿ ಅಂದ್ರೆ ಫ್ಲೇಮ್‌ಪ್ರೂಫ್. ಇದ್ರ ಬಗ್ಗೆ ಇರೋ ದೊಡ್ಡ ತಪ್ಪು ತಿಳುವಳಿಕೆ ಅಂದ್ರೆ ಪೆಟ್ಟಿಗೆಯೊಳಗೆ ಗ್ಯಾಸ್ ಹೋಗೋದೇ ಇಲ್ಲ ಅನ್ನೋದು. ಹೋಗತ್ತೆ ಸ್ವಾಮಿ, ಖಂಡಿತ ಹೋಗತ್ತೆ, ಮೋಟರ್ ಬಿಸಿಯಾಗಿ ತಣ್ಣಗಾದಾಗಲೆಲ್ಲ ಅದು ಹೊರಗಿನ ಗಾಳಿ ಎಳ್ಕೊಳ್ಳತ್ತೆ, ಗಾಳಿಯಲ್ಲಿ ಆವಿ ಇದ್ರೆ ಅದೂ ಒಳಗೆ ಬರತ್ತೆ, ಒಳಗೆ ಕಿಡಿ ಬಂದ್ರೆ ಒಳಗೇ ಸ್ಫೋಟ ಆಗತ್ತೆ. ವಿನ್ಯಾಸ ಮಾಡಿರೋದೇ ಅದನ್ನ ಒಪ್ಕೊಂಡು. ಪೆಟ್ಟಿಗೆ ಆ ಒತ್ತಡಕ್ಕೆ ಒಡೀಬಾರ್ದು, ಮತ್ತೆ ಮುಚ್ಚಳದ ಸಂದಿಯಿಂದ ಹೊರಗೆ ನುಗ್ಗೋ ಬಿಸಿ ಅನಿಲ ಆ ಉದ್ದ, ಕಿರಿದಾದ ದಾರಿಯಲ್ಲಿ ಲೋಹಕ್ಕೆ ಶಾಖ ಬಿಟ್ಟುಕೊಟ್ಟು ತಣ್ಣಗಾಗಿ ಬರ್ಬೇಕು, ಹೊರಗಿನ ಆವಿಯನ್ನ ಹೊತ್ತಿಸೋ ತಾಕತ್ತು ಉಳಿದಿರ್ಬಾರ್ದು. ಆ ದಾರಿಗೆ ಫ್ಲೇಮ್ ಪಾತ್ ಅಂತಾರೆ. ಎಲ್ಲಾ ಜೀವ ಇರೋದು ಆ ಎರಡು ನುಣುಪಾದ ಲೋಹದ ಮೇಲ್ಮೈಗಳಲ್ಲೇ.

2ಬಿ ಅನ್ನೋದು ಯಾವ ಗ್ಯಾಸ್‌ಗೆ ಅನ್ನೋ ಪ್ರಶ್ನೆಗೆ ಉತ್ತರ. ಗುಂಪು 1 ಕಲ್ಲಿದ್ದಲು ಗಣಿಗೆ. ಗಣಿ ಬಿಟ್ಟು ಉಳಿದ ಗ್ಯಾಸ್‌ಗಳನ್ನ 2ಎ, 2ಬಿ, 2ಸಿ ಅಂತ ವಿಂಗಡಿಸ್ತಾರೆ, ಅದಕ್ಕೆ ಅಳತೆ ಏನಂದ್ರೆ ಎಷ್ಟು ಕಿರಿದಾದ ಸಂದಿಯಿಂದ ಆ ಗ್ಯಾಸ್‌ನ ಜ್ವಾಲೆ ತೂರ್ಕೊಂಡು ಹೋಗಬಲ್ದು ಅನ್ನೋದು. ಪ್ರಯೋಗದಲ್ಲಿ ಪ್ರೊಪೇನ್‌ಗೆ 0.92 ಮಿಲಿಮೀಟರ್, ಎಥಿಲೀನ್‌ಗೆ 0.65, ಹೈಡ್ರೋಜನ್‌ಗೆ ಬರೀ 0.29. ಗಡಿ 0.9 ಮತ್ತು 0.5 ಮಿಲಿಮೀಟರ್ ಹತ್ರ. ಎಥೆನಾಲ್ ಅಳತೆ 0.89, ಕೂದಲೆಳೆಯಷ್ಟು ಅಂತರದಲ್ಲಿ 2ಬಿಗೆ ಬೀಳತ್ತೆ, ಹಳೇ ಕೆಲವು ಪಟ್ಟಿಗಳಲ್ಲಿ ಅದು 2ಎ ಅಂತಿತ್ತು. ಹಾಗಾಗಿ ಹಳೇ ಪ್ಲಾಂಟ್‌ನಲ್ಲಿ ಹಳೇ ಡ್ರಾಯಿಂಗ್ ನೋಡಿ 2ಎ ಲೈಟ್ ತರಿಸೋರು ಒಂದ್ಸಲ ನಿಂತು ಯೋಚನೆ ಮಾಡ್ಬೇಕು. 2ಸಿ ಸರ್ಟಿಫಿಕೇಟ್ ಇರೋದನ್ನ 2ಬಿ ಜಾಗದಲ್ಲಿ ಹಾಕ್ಬಹುದು, ಉಲ್ಟಾ ಆಗಲ್ಲ.

ಟಿ4 ಅಂದ್ರೆ ಹೊರ ಮೇಲ್ಮೈ 135 ಡಿಗ್ರಿ ದಾಟಲ್ಲ ಅಂತ. ಟಿ1 ಅಂದ್ರೆ 450, ಟಿ2 300, ಟಿ3 200, ಟಿ5 100, ಟಿ6 85. ಎಥೆನಾಲ್‌ಗೆ ಟಿ2 ಸಾಕು, ಟಿ4 ಇದ್ರೆ ಇನ್ನೂ ನಿರಾಳ. ಆದ್ರೆ ಇಲ್ಲಿ ನಮ್ಮ ಕಡೆಯವರು ನೋಡಲೇಬೇಕಾದ ಒಂದು ವಿಷಯ ಇದೆ. ಪ್ಲೇಟ್ ಮೇಲೆ ಸುತ್ತಲಿನ ತಾಪಮಾನದ ಬಗ್ಗೆ ಏನೂ ಬರ್ದಿಲ್ಲ ಅಂದ್ರೆ ಆ ಸರ್ಟಿಫಿಕೇಟ್ ಮೈನಸ್ 20ರಿಂದ 40 ಡಿಗ್ರಿವರೆಗೆ ಮಾತ್ರ ಅಂತ ಅರ್ಥ. ರಾಯಚೂರು, ಕಲಬುರಗಿಯಲ್ಲಿ ಏಪ್ರಿಲ್-ಮೇನಲ್ಲಿ ನೆರಳಲ್ಲೇ 40 ದಾಟತ್ತೆ, ತಗಡಿನ ಶೆಡ್ ಕೆಳಗೆ ಇನ್ನೆಷ್ಟೋ. ಯುರೋಪಿನಿಂದ ಬಂದ ಒಳ್ಳೇ ಕಂಪನಿ ಸಾಮಾನು, ಎಲ್ಲಾ ಪೇಪರ್ ಸರಿ, ಆದ್ರೂ ಮಧ್ಯಾಹ್ನ ಮೂರು ಗಂಟೆಗೆ ಅದು ಸರ್ಟಿಫಿಕೇಟ್‌ನ ಹೊರಗೇ ಓಡ್ತಾ ಇರತ್ತೆ. ಆರ್ಡರ್ ಮಾಡುವಾಗ್ಲೇ 50 ಅಥವಾ 55 ಡಿಗ್ರಿಗೆ ಸರ್ಟಿಫೈ ಆಗಿರೋದೇ ಬೇಕು ಅಂತ ಬರ್ದುಬಿಡಿ. ಒಂದು ಸಾಲಿನ ಕೆಲಸ.

ಕೊನೇ ಜಿಬಿ, ಮತ್ತೆ ಡಿ ಪಕ್ಕದ ಬಿ, ರಕ್ಷಣೆ ಎಷ್ಟು ಗಟ್ಟಿ ಅಂತ ಹೇಳತ್ತೆ. ಇದು ಝೋನ್‌ಗೆ ಹೊಂದ್ಕೊಳ್ಳತ್ತೆ. ಟ್ಯಾಂಕ್ ಒಳಗೆ ಸದಾ ಆವಿ ಇರೋದು ಝೋನ್ 0, ಮಾಮೂಲಿ ಕೆಲಸದ ನಡುವೆ ಆಗಾಗ ಆವಿ ಬರೋ ಕಡೆ ಝೋನ್ 1, ಏನೋ ಕೆಟ್ರೆ ಮಾತ್ರ, ಅದೂ ಸ್ವಲ್ಪ ಹೊತ್ತು ಬರೋ ಕಡೆ ಝೋನ್ 2. ಜಿಎ ಮೂರಕ್ಕೂ ಆಗತ್ತೆ, ಜಿಬಿ 1 ಮತ್ತು 2ಕ್ಕೆ, ಜಿಸಿ ಬರೀ 2ಕ್ಕೆ. ನಿಮ್ಮೂರ ಪೆಟ್ರೋಲ್ ಬಂಕ್‌ನಲ್ಲೂ ಇದೇ ಲೆಕ್ಕ: ನೆಲದಡಿ ಟ್ಯಾಂಕ್ ಒಳಗೆ ಝೋನ್ 0, ಡಿಸ್ಪೆನ್ಸರ್ ಪೆಟ್ಟಿಗೆಯ ಕೆಳಭಾಗದ ಪೈಪು-ಪಂಪು ಇರೋ ಕಡೆ ಝೋನ್ 1, ಅದ್ರ ಸುತ್ತ ನೆಲಮಟ್ಟದಲ್ಲಿ ಝೋನ್ 2. ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ, ಅದು ನೆಲ ಹಿಡ್ಕೊಂಡೇ ಹರಿಯತ್ತೆ, ಅದಕ್ಕೇ ಕೇಬಲ್ ಟ್ರೆಂಚ್‌ಗೆ ಮರಳು ತುಂಬ್ಸೋದು.

ಲ್ಯಾಬ್‌ನಲ್ಲಿ ಏನ್ ಮಾಡ್ತಾರೆ ಅನ್ನೋದು ನಂಗೆ ಎಲ್ಲಕ್ಕಿಂತ ಇಷ್ಟದ ಭಾಗ. ಫ್ಲೇಮ್‌ಪ್ರೂಫ್ ಪೆಟ್ಟಿಗೆ ಬಂದಾಗ ಮೊದ್ಲು ಡ್ರಾಯಿಂಗ್ ಇಟ್ಕೊಂಡು ಫ್ಲೇಮ್ ಪಾತ್‌ನ ಉದ್ದ, ಸಂದಿ, ನುಣುಪು, ಬೋಲ್ಟಿನ ಥ್ರೆಡ್ಡು ಎಲ್ಲ ಅಳೀತಾರೆ. ಆಮೇಲೆ ಪೆಟ್ಟಿಗೆಗೆ ನಿಖರ ಪ್ರಮಾಣದ ಮಿಶ್ರಣ ತುಂಬಿ, 2ಬಿ ಆದ್ರೆ ಗಾಳಿಯಲ್ಲಿ 8 ಪರ್ಸೆಂಟ್ ಎಥಿಲೀನ್, ಸ್ಪಾರ್ಕ್ ಪ್ಲಗ್‌ನಿಂದ ಹೊತ್ತಿಸಿ ಒಳಗೆ ಎಷ್ಟು ಒತ್ತಡ ಏರತ್ತೆ ಅಂತ ಸೆನ್ಸರ್‌ನಲ್ಲಿ ದಾಖಲಿಸ್ತಾರೆ. ಆ ಒತ್ತಡದ ಒಂದೂವರೆ ಪಟ್ಟು ಕೊಟ್ಟು ಪೆಟ್ಟಿಗೆ ಒಡಿಯತ್ತಾ, ಸೊಟ್ಟಗಾಗತ್ತಾ ನೋಡ್ತಾರೆ. ಕಷ್ಟದ ಪರೀಕ್ಷೆ ಆಮೇಲಿನದು. ಪೆಟ್ಟಿಗೆಯ ಒಳಗೂ ಹೊರಗೂ ಸ್ಫೋಟಕ ಮಿಶ್ರಣ ತುಂಬಿ ಒಳಗೆ ಮಾತ್ರ ಹೊತ್ತಿಸ್ತಾರೆ. 2ಬಿ ಪೆಟ್ಟಿಗೆಗೆ ಇಲ್ಲಿ ಬೇಕಂತಲೇ ಹೆಚ್ಚು ಕ್ರೂರವಾದ 37 ಪರ್ಸೆಂಟ್ ಹೈಡ್ರೋಜನ್ ಮಿಶ್ರಣ ಬಳಸ್ತಾರೆ, ಸುರಕ್ಷತೆಗೆ ಒಂದಿಷ್ಟು ಜಾಸ್ತಿ ಜಾಗ ಉಳೀಲಿ ಅಂತ. ಐದು ಸಲ ಹೊತ್ತಿಸಿದ್ರೂ ಹೊರಗಿನದು ಒಂದ್ಸಲನೂ ಹೊತ್ಕೊಳ್ಬಾರ್ದು. ನಾಲ್ಕು ಸಲ ಪಾಸಾಗಿ ಐದನೇದು ಹೊತ್ಕೊಂಡ್ರೆ ಫೇಲ್, ವಾದ ಇಲ್ಲ.

ಜೊತೆಗೆ ಒಂದು ಕೇಜಿ ತೂಕದ ಉಕ್ಕಿನ ತುಂಡನ್ನ 70 ಸೆಂಟಿಮೀಟರ್ ಮೇಲಿಂದ ಬೀಳ್ಸಿ 7 ಜೌಲ್ ಪೆಟ್ಟು ಕೊಡ್ತಾರೆ, ಬಿಸಿ ಗಾಜಿನ ಮೇಲೆ ತಣ್ಣೀರು ಚಿಮುಕಿಸಿ ಬಿರುಕು ಬಿಡತ್ತಾ ನೋಡ್ತಾರೆ, ಪ್ಲಾಸ್ಟಿಕ್ ಆದ್ರೆ ವಾರಗಟ್ಟಲೆ ಬಿಸಿ ಮತ್ತು ತೇವದಲ್ಲಿ ಇಟ್ಟು ಹಣ್ಣು ಮಾಡಿದ ಮೇಲೇ ಪೆಟ್ಟು ಕೊಡ್ತಾರೆ, ಯಾಕಂದ್ರೆ ಹೊಸದು ಗಟ್ಟಿ ಇದ್ದೇ ಇರತ್ತೆ, ನಮಗೆ ಬೇಕಿರೋದು ಹತ್ತು ಬೇಸಿಗೆ ಕಂಡಮೇಲೂ ಗಟ್ಟಿ ಇರತ್ತಾ ಅನ್ನೋದು.

ಇಂಟ್ರಿನ್ಸಿಕ್ ಸೇಫ್ ಸರ್ಕ್ಯೂಟ್‌ಗಳ ಪರೀಕ್ಷೆ ಬೇರೆ ಥರ. ಟ್ರಾನ್ಸ್‌ಮಿಟರ್, ಲೆವೆಲ್ ಸ್ವಿಚ್‌ನಂಥ ಸಣ್ಣ ಉಪಕರಣಗಳಿಗೆ ಗಟ್ಟಿ ಪೆಟ್ಟಿಗೆ ಬೇಡ, ಸರ್ಕ್ಯೂಟ್‌ನಲ್ಲೇ ಅಷ್ಟು ಶಕ್ತಿ ಇರದ ಹಾಗೆ ಮಾಡಿದ್ರಾಯ್ತು. ಪರೀಕ್ಷೆ ಮಾಡೋ ಯಂತ್ರದಲ್ಲಿ ಒಂದು ಕ್ಯಾಡ್ಮಿಯಂ ಬಿಲ್ಲೆ ತಿರುಗ್ತಿರತ್ತೆ, ಅದ್ರ ಗೀರುಗಳ ಮೇಲೆ 0.2 ಮಿಲಿಮೀಟರ್‌ನ ನಾಲ್ಕು ಟಂಗ್‌ಸ್ಟನ್ ತಂತಿ ಉಜ್ತಾ ಸಾವಿರಾರು ಸಲ ಸಂಪರ್ಕ ಕೂಡಿಸಿ ಬಿಡ್ಸತ್ತೆ, ಸುತ್ತ 2ಸಿ ಆದ್ರೆ 21 ಪರ್ಸೆಂಟ್ ಹೈಡ್ರೋಜನ್. ಅಷ್ಟು ಕಿಡಿಗಳಲ್ಲಿ ಒಂದೂ ಹೊತ್ತಿಸ್ಬಾರ್ದು, ಅದೂ ಒಂದೂವರೆ ಪಟ್ಟು ಸುರಕ್ಷತಾ ಅಂಶ ಸೇರಿಸಿ. ಝೋನ್ 0ಕ್ಕೆ ಹೋಗೋ 'ಐಎ' ಆದ್ರೆ ಒಳಗೆ ಎರಡು ಬಿಡಿಭಾಗ ಕೆಟ್ಟಿದೆ ಅಂತ ಅಂದ್ಕೊಂಡೇ ಲೆಕ್ಕ ಹಾಕ್ತಾರೆ. ಸೆಂಗೆನಿತ್‌ನ ಬೆಲ್ ತಂತಿ ಕೇಳಿದ ಪ್ರಶ್ನೆಗೇ ಈ ಯಂತ್ರ ಇವತ್ತಿಗೂ ಉತ್ತರ ಕೊಡ್ತಿರೋದು.

ಪರೀಕ್ಷೆ ಪಾಸಾಯ್ತು, ಸರ್ಟಿಫಿಕೇಟ್ ಯಾರು ಕೊಡ್ತಾರೆ? ನಮ್ಮಲ್ಲಿ ಪೆಟ್ರೋಲಿಯಂ ಇರೋ ಅಪಾಯದ ಜಾಗಕ್ಕೆ ವಿದ್ಯುತ್ ಸಲಕರಣೆ ಹಾಕ್ಬೇಕು ಅಂದ್ರೆ ನಾಗಪುರದಲ್ಲಿ ಮುಖ್ಯ ಕಚೇರಿ ಇರೋ ಪೆಸೊ (ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆ) ಒಪ್ಪಿಗೆ ಬೇಕು, 1934ರ ಪೆಟ್ರೋಲಿಯಂ ಕಾಯ್ದೆ ಮತ್ತು 2002ರ ಪೆಟ್ರೋಲಿಯಂ ನಿಯಮಗಳ ಪ್ರಕಾರ. ತಯಾರಕರು ಮಾನ್ಯತೆ ಇರೋ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡ್ಸಿ, ವರದಿ ಮತ್ತು ಡ್ರಾಯಿಂಗ್ ಇಟ್ಟು ಅರ್ಜಿ ಹಾಕ್ತಾರೆ. ಕಲ್ಲಿದ್ದಲು ಗಣಿಗೆ ಡಿಜಿಎಂಎಸ್ ಒಪ್ಪಿಗೆ ಬೇರೆ. ಯುರೋಪಿನಲ್ಲಿ ಅಟೆಕ್ಸ್ ಅನ್ನೋ ಕಾನೂನು, ಈಗಿನ ರೂಪ 2016ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅಂತರರಾಷ್ಟ್ರೀಯವಾಗಿ ಐಇಸಿಇಎಕ್ಸ್ ಅನ್ನೋ ವ್ಯವಸ್ಥೆ. ಅಟೆಕ್ಸ್‌ನಲ್ಲಿ ಝೋನ್ 2ರ ಸಲಕರಣೆಗೆ ತಯಾರಕರೇ ಸ್ವಂತ ಘೋಷಣೆ ಕೊಟ್ಕೊಬಹುದು, ಮೂರನೇಯವರು ನೋಡಿರಲೇಬೇಕು ಅಂತಿಲ್ಲ. ಐಇಸಿಇಎಕ್ಸ್‌ನಲ್ಲಿ ಹಾಗಿಲ್ಲ, ಪರೀಕ್ಷಾ ವರದಿ ಜೊತೆಗೆ ಫ್ಯಾಕ್ಟರಿಗೇ ಹೋಗಿ ಗುಣಮಟ್ಟದ ವ್ಯವಸ್ಥೆ ನೋಡಿದ ವರದಿನೂ ಬೇಕು, ಮತ್ತೆ ಮತ್ತೆ ಬಂದು ನೋಡ್ತಾರೆ. ಲ್ಯಾಬ್‌ಗೆ ಹೋಗಿದ್ದು ಒಂದು ಪೆಟ್ಟಿಗೆ, ನಿಮ್ಮ ಪ್ಲಾಂಟ್‌ಗೆ ಬಂದಿದ್ದು ಐನೂರನೇ ಪೆಟ್ಟಿಗೆ, ಎರಡೂ ಒಂದೇ ಅಂತ ಭರವಸೆ ಕೊಡೋದು ಆ ಫ್ಯಾಕ್ಟರಿ ತಪಾಸಣೆ ಮಾತ್ರ. ವಿದೇಶಿ ಸರ್ಟಿಫಿಕೇಟ್ ಇದೆ ಅಂತ ಪೆಸೊ ಬಿಡಲ್ಲ, ಅದನ್ನ ಆಧಾರವಾಗಿ ತಗೊಂಡು ತನ್ನ ಒಪ್ಪಿಗೆ ಬೇರೆ ಕೊಡತ್ತೆ.

ಸರ್ಟಿಫಿಕೇಟ್ ನಂಬರ್ ಕೊನೇಲಿ ಒಂದು ಅಕ್ಷರ ಇರ್ಬಹುದು, ಅದನ್ನ ದಯವಿಟ್ಟು ನೋಡಿ. ಎಕ್ಸ್ (X, ನೇಮ್‌ಪ್ಲೇಟ್ ಶುರುವಿನ Ex ಅಲ್ಲ) ಇದ್ರೆ ಷರತ್ತುಗಳಿವೆ ಅಂತ, ಆ ಷರತ್ತು ಸರ್ಟಿಫಿಕೇಟ್ ಒಳಗೆ ಬರ್ದಿರತ್ತೆ: ಒಣ ಬಟ್ಟೆಯಲ್ಲಿ ಒರೆಸ್ಬೇಡಿ ಸ್ಟ್ಯಾಟಿಕ್ ಬರತ್ತೆ, ಪೆಟ್ಟು ಬೀಳದ ಜಾಗದಲ್ಲೇ ಹಾಕಿ, ಹೀಗೆ. ಯು ಇದ್ರೆ ಅದು ಬರೀ ಬಿಡಿಭಾಗ, ಇನ್ನೊಂದು ಸರ್ಟಿಫೈ ಆದ ಸಲಕರಣೆಯ ಒಳಗೆ ಸೇರ್ಬೇಕಾದ್ದು. ಖಾಲಿ ಫ್ಲೇಮ್‌ಪ್ರೂಫ್ ಪೆಟ್ಟಿಗೆಗೆ ಯು ಸರ್ಟಿಫಿಕೇಟ್ ಇದೆ ಅಂತ ಹೇಳಿ ಅದ್ರೊಳಗೆ ತಮಗೆ ಬೇಕಾದ ಕಾಂಟ್ಯಾಕ್ಟರ್, ಪವರ್ ಸಪ್ಲೈ ಎಲ್ಲ ತುರುಕಿ ಫ್ಲೇಮ್‌ಪ್ರೂಫ್ ಪ್ಯಾನೆಲ್ ಅಂತ ಮಾರೋರಿದ್ದಾರೆ, ಒಳಗೆ ಸಾಮಾನು ಸೇರಿದ ತಕ್ಷಣ ಒತ್ತಡ ಏರೋ ರೀತಿನೇ ಬದಲಾಗತ್ತೆ, ಶಾಖ ಬದಲಾಗತ್ತೆ, ಅದಕ್ಕೆ ಬೇರೆ ಸರ್ಟಿಫಿಕೇಟೇ ಬೇಕು.

ಇನ್ನು ಸೈಟ್‌ನಲ್ಲಿ ಸರ್ಟಿಫಿಕೇಟ್ ಸಾಯೋದು ಹೇಗೆ ಅಂದ್ರೆ, ಒಂದು ಜಂಕ್ಷನ್ ಬಾಕ್ಸ್ ಸಾಕು ನೋಡೋಕೆ. ಮುಚ್ಚಳಕ್ಕೆ ಎಂಟು ಬೋಲ್ಟು ಇರ್ಬೇಕು, ಏಳಿದೆ, ಒಂದು ಶಟ್‌ಡೌನ್‌ನಲ್ಲಿ ಕೆಳಗೆ ಬಿದ್ದು ಕಳೆದು ಹೋಗಿದೆ. ಮಳೆ ನೀರು ಬರ್ತಿತ್ತು ಅಂತ ಮುಚ್ಚಳದ ಸಂದಿಗೆ ಯಾರೋ ಸಿಲಿಕಾನ್ ಬಳಿದಿದ್ದಾರೆ, ಫ್ಲೇಮ್ ಪಾತ್‌ನ ಸಂದಿ ಅಗಲ ಆಯ್ತು, ಅದು ಗಟ್ಟಿಯಾಗಿ ಕೂತ್ರೆ ಅಳತೆ ಮಾಡಿದ ಆ ದಾರಿನೇ ಇಲ್ಲ. ಅಲ್ಲಿ ಬಳಿಬೇಕಾದ್ದು ಗಟ್ಟಿಯಾಗದ ಗ್ರೀಸು. ಮುಚ್ಚಳ ತೆಗೆಯೋಕೆ ಸ್ಕ್ರೂಡ್ರೈವರ್ ತೂರಿಸಿ ಮೀಟಿದ ಗೀರು ಫ್ಲೇಂಜ್ (ಮುಚ್ಚಳ ಕೂರೋ ಅಂಚು) ಮೇಲೆ ಅಡ್ಡಡ್ಡ ಬಿದ್ದಿದೆ, ಆ ಗೀರು ಈಗ ಬೆಂಕಿಗೆ ನೇರ ದಾರಿ. ಉಪಯೋಗ ಇಲ್ಲದ ಕೇಬಲ್ ಎಂಟ್ರಿಗೆ ಪ್ಲಾಸ್ಟಿಕ್ ಪ್ಲಗ್, ಅದೂ ಪ್ಯಾಕಿಂಗ್‌ನಲ್ಲಿ ಬಂದಿದ್ದು. ಇರೋ ಗ್ಲ್ಯಾಂಡ್ (ಕೇಬಲ್ ಒಳಗೆ ಬರೋ ಕಡೆ ಅದನ್ನ ಹಿಡ್ಕೊಳ್ಳೋ ಫಿಟಿಂಗ್) ಡಬಲ್ ಕಂಪ್ರೆಷನ್ನೇ, ಆದ್ರೆ ಫ್ಲೇಮ್‌ಪ್ರೂಫ್ ಅಲ್ಲ, ಮೇಲಾಗಿ ಕೇಬಲ್‌ಗಿಂತ ಒಂದು ಸೈಜ್ ದೊಡ್ಡದು, ಕೈಲಿ ಹಿಡ್ದು ಅಲ್ಲಾಡ್ಸಿದ್ರೆ ಕೇಬಲ್ ಹಿಂದೆ ಮುಂದೆ ಆಗತ್ತೆ. ಪೆಟ್ಟಿಗೆ ಎದುರಿಗೇ ಅಂಗುಲ ದೂರ ಬಿಟ್ಟು ಒಂದು ಆ್ಯಂಗಲ್ ವೆಲ್ಡ್ ಮಾಡಿದ್ದಾರೆ, 2ಬಿಗೆ ಫ್ಲೇಂಜ್ ಸಂದಿಯ ಮುಂದೆ 30 ಮಿಲಿಮೀಟರ್ ಖಾಲಿ ಬಿಡ್ಬೇಕು ಅಂತ ಆ ವೆಲ್ಡರ್‌ಗೆ ಯಾರೂ ಹೇಳಿಲ್ಲ, ಪಾಪ. ಇಷ್ಟೆಲ್ಲ ಆದ್ಮೇಲೂ ಮುಚ್ಚಳದ ಮೇಲೆ ಪೆಸೊ ನಂಬರ್ ಹೊಳೀತಿರತ್ತೆ.

ಮೋಟರ್ ಸುಟ್ಟಾಗ ಪಕ್ಕದ ಊರಿನ ರಿವೈಂಡಿಂಗ್ ಅಂಗಡಿಗೆ ಕಳ್ಸೋದೂ ಇದೇ ಥರ. ರಿಪೇರಿಗೇ ಬೇರೆ ಸ್ಟ್ಯಾಂಡರ್ಡ್ ಇದೆ, ಅಂತರರಾಷ್ಟ್ರೀಯ ಐಇಸಿ 60079 ಸರಣಿಯ 19ನೇ ಭಾಗ, ಫ್ಲೇಮ್ ಪಾತ್ ಅಳೆದು ದಾಖಲೆ ಕೊಡ್ಬೇಕು, ಬೇರಿಂಗ್ ಸವೆದು ಶಾಫ್ಟ್ ಸಂದಿ ದೊಡ್ಡದಾಗಿದ್ಯಾ ನೋಡ್ಬೇಕು. ಡೈರೆಕ್ಟ್ ಓಡ್ತಿದ್ದ ಮೋಟರ್‌ಗೆ ಕರೆಂಟ್ ಉಳಿಸೋಕೆ ಅಂತ ವಿಎಫ್‌ಡಿ (ಮೋಟರ್ ವೇಗ ಬದಲಿಸೋ ಡ್ರೈವ್) ಹಾಕಿದ್ರೆ, ನಿಧಾನ ತಿರುಗುವಾಗ ಫ್ಯಾನ್ ಗಾಳಿ ಸಾಲದೆ ಮೈ ಬಿಸಿ ಏರಿ ಟಿ4 ಅನ್ನೋದು ಬರೀ ಅಕ್ಷರವಾಗಿ ಉಳಿಯತ್ತೆ, ಆ ಮೋಟರ್ ಡ್ರೈವ್ ಜೊತೆ ಸರ್ಟಿಫೈ ಆಗಿದ್ಯಾ ಅಂತ ಮೊದ್ಲು ನೋಡ್ಕೊಳ್ಳಿ.

ಸಕ್ಕರೆ ಫ್ಯಾಕ್ಟರಿ ಮಾತು ಬಂದಿದ್ದಕ್ಕೆ ಇದನ್ನೂ ಹೇಳ್ಬೇಕು, ಸಕ್ಕರೆ ಧೂಳೂ ಸ್ಫೋಟ ಆಗತ್ತೆ. 2008ರ ಫೆಬ್ರವರಿಯಲ್ಲಿ ಅಮೆರಿಕದ ಜಾರ್ಜಿಯಾದ ಇಂಪೀರಿಯಲ್ ಶುಗರ್ ಕಾರ್ಖಾನೆಯಲ್ಲಿ 14 ಜನ ಸತ್ತಿದ್ದು ಸಕ್ಕರೆ ಧೂಳಿನ ಸ್ಫೋಟದಲ್ಲಿ. ಧೂಳಿಗೆ ಝೋನ್‌ಗಳು 20, 21, 22, ಗುಂಪು 3, ಅದ್ರ ಸರ್ಟಿಫಿಕೇಟೇ ಬೇರೆ. ಗ್ಯಾಸ್‌ನ ಎಫ್‌ಎಲ್‌ಪಿ ಲೈಟ್ ಬ್ಯಾಗಿಂಗ್ ಸೆಕ್ಷನ್‌ನಲ್ಲಿ ಹಾಕಿದ್ರೆ ನಡಿಯತ್ತೆ ಅನ್ಕೋಬೇಡಿ. ಧೂಳು ಮೈಮೇಲೆ ಪದರವಾಗಿ ಕೂತಾಗ ಶಾಖ ಹೊರಗೆ ಹೋಗಲ್ಲ, ಪದರದ ಒಳಗೇ ಕುದಿಯತ್ತೆ, ಅದಕ್ಕೇ 5 ಮಿಲಿಮೀಟರ್ ಪದರ ಹೊತ್ಕೊಳ್ಳೋ ತಾಪಮಾನಕ್ಕಿಂತ 75 ಡಿಗ್ರಿ ಕಮ್ಮಿ ಇರ್ಬೇಕು ಸಲಕರಣೆಯ ಮೇಲ್ಮೈ ಅಂತ ನಿಯಮ.

ಸರ್ಟಿಫಿಕೇಟ್‌ಗೆ ಒಂದು ಮಿತಿನೂ ಇದೆ. 2009ರ ಅಕ್ಟೋಬರ್ 29ರ ಸಂಜೆ ಜೈಪುರದ ಇಂಡಿಯನ್ ಆಯಿಲ್ ಟರ್ಮಿನಲ್‌ನಲ್ಲಿ ಪೆಟ್ರೋಲ್ ಲೈನ್ ಸೋರಿ, ಸುಮಾರು 75 ನಿಮಿಷ ಸುಮಾರು 1000 ಟನ್ ಹೊರಗೆ ಬಂದು ಆವಿಯ ಮೋಡ ಆವರಣ ತುಂಬಾ ಹರಡ್ತು, 11 ಜನ ಸತ್ರು. ಹೊತ್ತಿಸಿದ್ದು ಏನು ಅಂತ ತನಿಖಾ ಸಮಿತಿ ಎರಡು ಸಾಧ್ಯತೆ ಹೇಳ್ತು: ಆಡಳಿತ ಕಟ್ಟಡದಲ್ಲಿದ್ದ ಫ್ಲೇಮ್‌ಪ್ರೂಫ್ ಅಲ್ಲದ ವಿದ್ಯುತ್ ಸಲಕರಣೆ, ಇಲ್ಲಾ ಅಲ್ಲೇ ಸ್ಟಾರ್ಟ್ ಮಾಡಿದ ಒಂದು ವಾಹನ. ಆಫೀಸಲ್ಲಿ ಮಾಮೂಲಿ ಸ್ವಿಚ್ ಇರೋದು ತಪ್ಪಲ್ಲ, ಝೋನ್ ನಕ್ಷೆ ಬರಿಯೋದೇ ಪಂಪ್ ಗ್ಲ್ಯಾಂಡ್ ಸೋರಿಕೆ, ವೆಂಟ್, ಸ್ಯಾಂಪಲ್ ಪಾಯಿಂಟ್‌ನಂಥ ನಿರೀಕ್ಷಿತ ಸೋರಿಕೆಗೆ, ಇಂಥ ಮಹಾ ಸೋರಿಕೆ ಆ ಲೆಕ್ಕದಲ್ಲೇ ಬರಲ್ಲ. ಹಾಗಾಗಿ ಒಳ್ಳೇ ಸರ್ಟಿಫೈಡ್ ಸಾಮಾನು ಹಾಕಿದೀವಿ ಅಂತ ವಾಲ್ವ್, ಲೆವೆಲ್ ಅಲಾರಂ, ಗ್ಯಾಸ್ ಡಿಟೆಕ್ಟರ್ ಕಡೆ ಗಮನ ಕಮ್ಮಿ ಮಾಡೋ ಹಾಗಿಲ್ಲ.

ನಿಮ್ಮ ಪ್ಲಾಂಟ್‌ನಲ್ಲಿ ಇವತ್ತೇ ಏನಾದ್ರೂ ಮಾಡ್ಬೇಕು ಅನ್ಸಿದ್ರೆ ಇಷ್ಟು ಮಾಡಿ. ಝೋನ್ ನಕ್ಷೆ ತೆಗೀರಿ, ಆಮೇಲೆ ಒಂದೊಂದೇ ನೇಮ್‌ಪ್ಲೇಟ್ ಫೋಟೋ ತೆಗೆದು ಸರ್ಟಿಫಿಕೇಟ್ ನಂಬರ್ ಆನ್‌ಲೈನ್‌ನಲ್ಲಿ ತಾಳೆ ನೋಡಿ, ಐಇಸಿಇಎಕ್ಸ್ ಸರ್ಟಿಫಿಕೇಟ್‌ಗಳು ಯಾರು ಬೇಕಾದ್ರೂ ದುಡ್ಡಿಲ್ಲದೆ ನೋಡ್ಬಹುದು, ನಕಲಿ ಇದ್ರೆ ಅಲ್ಲೇ ಸಿಕ್ಕಿಬೀಳತ್ತೆ. ಹೊಸದಾಗಿ ಹಾಕಿದ್ದನ್ನ ಚಾಲೂ ಮಾಡೋ ಮುಂಚೆ ಮುಚ್ಚಳ ತೆಗೆದು ಪೂರ್ತಿ ತಪಾಸಣೆ ಮಾಡಿ, ಆಮೇಲೆ ಮೂರು ವರ್ಷ ಮೀರದ ಹಾಗೆ ಮತ್ತೆ ಮತ್ತೆ ಮಾಡಿ, ನೋಡಿದ್ದನ್ನ ಬರ್ದಿಡಿ. ಆ ಫೈಲು ಆಡಿಟ್ ದಿನ ಮಾತ್ರ ಮ್ಯಾನೇಜರ್ ಕಬೋರ್ಡಿಂದ ಹೊರಗೆ ಬರೋ ಬದ್ಲು ಮೇಂಟೆನೆನ್ಸ್ ರೂಮಿನ ಟೇಬಲ್ ಮೇಲೇ ಇರ್ಲಿ, ಷರತ್ತುಗಳನ್ನ ಕನ್ನಡದಲ್ಲಿ ಒಂದು ಪುಟ ಬರ್ದು ಅದಕ್ಕೆ ಸೇರ್ಸಿ, ಯಾಕಂದ್ರೆ ರಾತ್ರಿ ಪಾಳಿಯಲ್ಲಿ ಆ ಮುಚ್ಚಳ ಬಿಚ್ಚೋರು ಮೇಂಟೆನೆನ್ಸ್‌ನವ್ರೇ.